ಓದುಗರ ಪ್ರಶ್ನೆ: ಬೆಳ್ಳಿ ‘ಟಾಯ್ಲೆಟ್’ ಸೆಟ್ ಅಂದ್ರೆ ಏನ್ ಸಾರ್?

ಪ್ರಶ್ನೆ: ಮಗಳ ಮನೆಗೆ ಅಂತ ಎಡಿನ್‌ಬರೋಗೆ ಹೋಗಿದ್ದೆ. ಅಲ್ಲಿ ಮ್ಯೂಸಿಯಮ್ಮಲ್ಲಿ ಬೆಳ್ಳಿ ಕನ್ನಡಿ, ಡಬ್ಬಿಗಳು, ಕ್ಯಾಂಡಲ್ ಸ್ಟ್ಯಾಂಡ್ ಎಲ್ಲ ಜೋಡಿಸಿ ‘ಟಾಯ್ಲೆಟ್ ಸರ್ವಿಸ್’ ಅಂತ ಬೋರ್ಡ್ ಹಾಕಿದ್ರು, ನಮ್ಮನೆಯವ್ರು ನಕ್ಕಿದ್ದೇ ನಕ್ಕಿದ್ದು. ಏನದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಗಲಿ ಬಿಡಿ, ನಾನೂ ನಕ್ಕಿದ್ದೆ. ಫ್ರೆಂಚಲ್ಲಿ ತ್ವಾಲೆತ್ ಅಂದ್ರೆ ಸಿಂಗಾರದ ಮೇಜಿಗೆ ಹಾಸೋ ಚಿಕ್ಕ ಬಟ್ಟೆ, ಆಮೇಲೆ ಮೇಜಿಗೂ ಅದೇ ಹೆಸರಾಯ್ತು, ಸಿಂಗಾರಕ್ಕೂ ಆಯ್ತು, ಕೊನೆಗೆ ಎಲ್ಲಿಗೆ ಬಂತು ಅಂತ ನಿಮಗೇ ಗೊತ್ತು. ನೀವು ನೋಡಿದ್ದು ಲೆನಾಕ್ಸ್‌ಲವ್ ಅನ್ನೋ ಸ್ಕಾಟ್ಲೆಂಡ್ ಬಂಗಲೆ ಹೆಸರಿನ ಸಿಂಗಾರದ ಸೆಟ್ಟೇ ಇರ್ಬೇಕು, 17ನೇ ಶತಮಾನದಲ್ಲಿ ಪ್ಯಾರಿಸ್ಸಲ್ಲಿ ಮಾಡಿದ್ದು. ಫ್ರಾನ್ಸಿಸ್ ಸ್ಟುವರ್ಟ್ ಅನ್ನೋ ಚೆಲುವೆದು ಅಂತಾರೆ, ಇಂಗ್ಲೆಂಡ್ ರಾಜ 2ನೇ ಚಾರ್ಲ್ಸ್ ಇವಳ ಹಿಂದೆ ಬಿದ್ದಿದ್ರೆ ಇವಳು 1667ರಲ್ಲಿ ರಿಚ್ಮಂಡ್ ಡ್ಯೂಕ್ ಜೊತೆ ಓಡಿಹೋಗಿ ಮದುವೆ ಆಗ್ಬಿಟ್ಲು!

ಪೌಡರ್ ಹಚ್ಚೋಕೆ ಅಷ್ಟು ಬೆಳ್ಳಿ ಯಾಕೆ ಅಂದ್ರೆ, ಆಗ ದೊಡ್ಡಮನೆ ಹೆಂಗಸ್ರು ಬಾಗಿಲು ಹಾಕ್ಕೊಂಡು ತಲೆ ಬಾಚ್ಕೋತಿರ್ಲಿಲ್ಲ, ಬಾಚ್ಕೊಳ್ಳೋ ಹೊತ್ತಿಗೇ ನೆಂಟರು, ಕೆಲಸ ಕೇಳ್ಕೊಂಡು ಬಂದವ್ರು ಎಲ್ಲ ರೂಮಿಗೇ ಬಂದು ಮಾತಾಡಿಸೋರು, ಹಂಗಾಗಿ ಮೇಜಿನ ಮೇಲಿರೋದು ಬಂದವ್ರಿಗೆ ಕಾಣ್ಬೇಕು. ಆಗ ಗಂಡ ತನ್ನ ಹೆಂಡತಿಗೆ ಮದುವೇಲಿ ಕೊಡ್ತಿದ್ದ ಉಡುಗೊರೆ ಕೂಡ ಇದೇ. ನಮ್ಮಲ್ಲಿ ಮದುವೆ ಮನೇಲಿ ಬೆಳ್ಳಿ ಸಾಮಾನು ಜೋಡಿಸಿಟ್ಟು ಬೀಗ್ರಿಗೆ ತೋರಿಸಲ್ವಾ, ಹಂಗೇ.

ಇನ್ನೊಂದು ವಿಷ್ಯ, ಕಷ್ಟ ಬಂದ್ರೆ ಕರಗಿಸೋದೇ. 1689ರಲ್ಲಿ ಯುದ್ಧದ ಖರ್ಚಿಗೆ ಫ್ರಾನ್ಸ್ ರಾಜ 14ನೇ ಲೂಯಿ ತನ್ನ ವರ್ಸೇಲ್ಸ್ ಅರಮನೆ ಬೆಳ್ಳಿ ಮೇಜು ಕುರ್ಚಿಗಳನ್ನೇ ಟಂಕಸಾಲೆಗೆ ಕಳಿಸ್ದ! ಆ ಕಾಲದ ಫ್ರೆಂಚ್ ಬೆಳ್ಳಿ ಉಳ್ಕೊಂಡಿರೋದೇ ಕಮ್ಮಿ, ಈ ಸೆಟ್ಟಿನ ಥರ ಸಮುದ್ರ ದಾಟಿದ್ದು ಬಚಾವಾಯ್ತು.

ಪ್ರಶ್ನೆ: ನಮ್ಮಜ್ಜಿದು ಇಂಗ್ಲೆಂಡಿಂದ ಬಂದ ಬೆಳ್ಳಿ ಬ್ರಷ್, ಕೈಗನ್ನಡಿ ಇದೆ. ಅಂಗಡಿಯವ್ರು ತೂಕಕ್ಕೆ ತಗೋತೀನಿ ಅಂತಾರೆ, ಕೊಡ್ಲಾ?
– ಓದುಗರೊಬ್ಬರು, ಮೈಸೂರು

ಉತ್ತರ: ಅಯ್ಯೋ, ತಡೀರಿ. ಮೊದ್ಲು ಭೂತಗನ್ನಡಿ ಹಿಡಿದು ಅಂಚಲ್ಲಿ, ಹಿಡಿ ಹತ್ರ ನೋಡಿ. ನಡೀತಿರೋ ಸಿಂಹದ ಪುಟ್ಟ ಮುದ್ರೆ ಇದ್ರೆ 92.5 ಪರ್ಸೆಂಟ್ ಬೆಳ್ಳಿ, ಇ.ಪಿ.ಎನ್.ಎಸ್. ಅಂತಿದ್ರೆ ಮೇಲೆ ಬರೀ ಬೆಳ್ಳಿ ಲೇಪ. ಅಸಲಿ ಆದ್ರೂ ತೂಕ ನಂಬ್ಬೇಡಿ, ಇಂಥ ಬ್ರಷ್ಷಿನ ಬೆನ್ನು ಸಾಮಾನ್ಯವಾಗಿ ತೆಳು ತಗಡು, ಒಳಗೆ ಮರ, ರಾಳ ತುಂಬಿರ್ತಾರೆ, ಕರಗಿಸಿದ್ರೆ ಕೈಗೆ ಸಿಗೋ ಬೆಳ್ಳಿ ಒಂದು ಹಿಡಿನೂ ಇರಲ್ಲ. ಹಾಂ, ತೊಳೀಬೇಕು ಅಂತ ಬಿಸಿನೀರಲ್ಲಿ ಮಾತ್ರ ನೆನೆಹಾಕ್ಬೇಡಿ, ಒಳಗಿನ ರಾಳ ಮೆತ್ತಗಾಗಿ ತಗಡು ಎದ್ದು ಬರುತ್ತೆ.