ಅಪ್ಪನ ಹಳೆ ಕಾರಿನ ಹೊಳಪು ಮರಳಿ ಬರಬೇಕು: ಕಾರ್ನೌಬಾ ವ್ಯಾಕ್ಸೋ, ಸಿಂಥೆಟಿಕ್ಕೋ?

ಥಾಣೆಯ ಬಯಲು ಪಾರ್ಕಿಂಗ್, ಅಪ್ಪ ಬಿಟ್ಟುಹೋದ ಕಪ್ಪು ಕಾರು, ಮಂಕಾದ ಬಾನೆಟ್ಟು; ಹೊಳಪು ಮರಳಿ ಬರೋಕೆ ಕಾರ್ನೌಬಾ ಅನ್ನೋ ಮರದ ವ್ಯಾಕ್ಸೋ (ಮೇಣವೋ), ಕಾರ್ಖಾನೆಯಲ್ಲಿ ರಾಸಾಯನಿಕದಿಂದ ಮಾಡಿದ ಸಿಂಥೆಟಿಕ್ಕೋ, ಯಾವ ಡಬ್ಬ ಕೊಳ್ಳಲಿ ಅಂತ ನೀವು ಇಲ್ಲಿ ಕೇಳಿದ ಪ್ರಶ್ನೆ ಓದಿದೆ. 2004ರಲ್ಲಿ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಅಲೆದಿದ್ದೆ. ಡಬ್ಬ ತಂದೆ. ಕಾರು ಕೆಡಿಸಿದೆ.

ನಮ್ಮದು ಮುಂಬೈ ಪಕ್ಕದ ಡೊಂಬಿವಲಿ. ಅಪ್ಪಯ್ಯ ಕುಂದಾಪುರದ ಕಡೆಯವರು, ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಇಪ್ಪತ್ತೈದು ವರ್ಷ ಲೋಕಲ್ ಟ್ರೇನಿನಲ್ಲಿ ನೇತಾಡಿದ ಮೇಲೆ ಒಂದು ಪ್ರೀಮಿಯರ್ ಪದ್ಮಿನಿ ಕೊಂಡರು. 1989ರ ಮಾಡೆಲ್, ಬೂದು ಬಣ್ಣ, ಸೆಕೆಂಡ್ ಹ್ಯಾಂಡ್. ಅಪ್ಪಯ್ಯ ಮಾತ್ರ ಸೆಕೆಂಡ್ ಹ್ಯಾಂಡ್ ಅನ್ನುತ್ತಿರಲಿಲ್ಲ, 'ಪಾರ್ಸಿ ಓಡಿಸಿದ ಗಾಡಿ' ಅನ್ನುತ್ತಿದ್ದರು. ಪಾರ್ಸಿಗಳು ಗಾಡಿಯನ್ನು ಜೋಪಾನ ಮಾಡುತ್ತಾರೆ ಅನ್ನೋ ನಂಬಿಕೆ, ಹಾಗಾಗಿ ಮುಂಬೈಯಲ್ಲಿ ಅದು ಐಎಸ್‌ಐ ಮಾರ್ಕಿಗಿಂತ ದೊಡ್ಡದು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಕಾರು, ನಮ್ಮ ಬಾಯಲ್ಲಿ ಕೊನೆವರೆಗೂ ಫಿಯೆಟ್.

ಆಯುಧಪೂಜೆಯ ಹಿಂದಿನ ದಿನ ಅಪ್ಪಯ್ಯ ಕೆಲಸದಿಂದ ಬರೋದರೊಳಗೆ ಕಾರು ಮಿರಿಮಿರಿ ಮಿಂಚಬೇಕು ಅಂತ ನನಗೆ ಹುಚ್ಚು. ಆಪೆರಾ ಹೌಸ್ ಹತ್ತಿರ ಕಾರಿನ ಸಾಮಾನು ಮಾರೋ ಅಂಗಡಿಗೆ ಹೋಗಿ 'ಚಮಕ್ ಬರಬೇಕು' ಅಂದೆ. ಅವನು ಒಂದು ಡಬ್ಬ ಕೊಟ್ಟ. ಅವನದೇನೂ ತಪ್ಪಿಲ್ಲ, ನಾನು ವ್ಯಾಕ್ಸ್ ಅನ್ನೋ ಪದವನ್ನೇ ಎತ್ತಿರಲಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ ರಬ್ಬಿಂಗ್ ಕಾಂಪೌಂಡ್ ಅಂತ ಬರೆದಿತ್ತು. ಓದಿದೆ. ರಬ್ಬಿಂಗ್ ಅಂದ್ರೆ ಉಜ್ಜೋದು, ಸರಿ, ಉಜ್ಜೋಣ ಅಂದುಕೊಂಡೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾಂಪೌಂಡ್ ಅಂದ್ರೆ ಸವೆಸೋ ವಸ್ತು. ಪೇಂಟರ್ ಹೊಸದಾಗಿ ಸ್ಪ್ರೇ ಹೊಡೆದ ಮೇಲೆ ಉಬ್ಬುತಗ್ಗು ಸಮ ಮಾಡೋಕೆ ಬಳಸೋದು. ಪಾತ್ರೆಗೆ ಬೂದಿ ಹಾಕಿ ಉಜ್ಜಿದ ಹಾಗೆ, ಆದರೆ ಪಾತ್ರೆಗೆ ಬಣ್ಣ ಇರೋದಿಲ್ಲ. ನಮ್ಮ ಕಾರಿನಂಥ ಹಳೆ ಪೇಂಟಿಗೆ ಮೇಲೆ ಕ್ಲಿಯರ್ ಕೋಟೂ, ಅಂದ್ರೆ ಬಣ್ಣ ಕಾಯೋ ಪಾರದರ್ಶಕ ಪದರವೂ, ಇರಲಿಲ್ಲ. ಉಜ್ಜಿದರೆ ನೇರವಾಗಿ ಬಣ್ಣವೇ ಬಟ್ಟೆಗೆ ಬರುತ್ತೆ. ಕಾರು ಕೆಂಪಗಿದ್ದಿದ್ದರೆ ಬಟ್ಟೆ ಕೆಂಪಾಗಿ ನನಗೆ ಬುದ್ಧಿ ಬರುತ್ತಿತ್ತು. ನಮ್ಮದು ಬೂದು. ಅಪ್ಪಯ್ಯನ ಹಳೆ ಬನಿಯನ್ನಿನ ಮೇಲೆ ಬೂದುಬಣ್ಣ ಬಂತು. 'ನೋಡೇ, ಎಷ್ಟು ಕೊಳೆ!' ಅಂತ ತಂಗಿಗೆ ತೋರಿಸಿದೆ. ಕೊಳೆ ಬಂದಷ್ಟೂ ಖುಷಿ. ಖುಷಿಯಾದಷ್ಟೂ ಒತ್ತಿ ಉಜ್ಜಿದೆ. ಬನಿಯನ್ ತಿರುಗಿಸಿ ಮತ್ತೆ ಉಜ್ಜಿದೆ. ಆಮೇಲೆ ಅಂಚುಗಳಿಗೆ ಕೈ ಹಾಕಿದೆ. ಅಂಚಿನಲ್ಲಿ ಬಣ್ಣ ಎಲ್ಲಕ್ಕಿಂತ ತೆಳು, ಬೆರಳಿನ ಒತ್ತಡ ಎಲ್ಲಕ್ಕಿಂತ ಜಾಸ್ತಿ. ಕಾರಿನ ಹಿಂದೆ ಎಡಗಡೆ ರೆಕ್ಕೆಯಂತೆ ಚಾಚಿದ ಅಂಚಿನ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ತುಕ್ಕು ಅಂದುಕೊಂಡು ಅದನ್ನೂ ಉಜ್ಜಿದೆ! ಅದು ರೆಡ್ ಆಕ್ಸೈಡ್ ಪ್ರೈಮರ್, ಬಣ್ಣಕ್ಕೂ ಮೊದಲು ತಗಡಿಗೆ ಹಚ್ಚೋ ಕೆಳಪದರ.

ಅಪ್ಪಯ್ಯ ರಾತ್ರಿ ಹನ್ನೊಂದಕ್ಕೆ ದಾದರಿನಿಂದ ಸೇವಂತಿಗೆ ಹಿಡಿದುಕೊಂಡು ಬಂದರು. ಕತ್ತಲಲ್ಲಿ ಕಾಣಲಿಲ್ಲ. ಬೆಳಿಗ್ಗೆ ಪೂಜೆಗೆ ನಿಂತಾಗ ಒಂದು ಸುತ್ತು ಬಂದರು, ಆ ತುದಿಯ ಹತ್ತಿರ ನಿಂತರು. ಏನೂ ಅನ್ನಲಿಲ್ಲ. ಬಾನೆಟ್ಟಿಗೆ ಕುಂಕುಮ ಇಟ್ಟ ಬೆರಳಲ್ಲೇ ಆ ಉಗುರಿನಷ್ಟು ಜಾಗಕ್ಕೂ ಕುಂಕುಮ ಇಟ್ಟು ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆ. ಬೇಜಾರು ಮಾಡ್ಕೋಬೇಡಿ, ಪ್ರಶ್ನೆಯೇ ತಪ್ಪು. ವ್ಯಾಕ್ಸ್ ಮಂಕಾದ ಬಣ್ಣಕ್ಕೆ ಹೊಳಪು ವಾಪಸ್ ತರೋದಿಲ್ಲ, ಇರೋ ಹೊಳಪಿಗೆ ಕೊಡೆ ಹಿಡಿಯುತ್ತೆ ಅಷ್ಟೇ. ಮಂಕು ತೆಗೆಯೋದು ಪಾಲಿಶ್. ಅದು ಕಾಂಪೌಂಡಿನ ಸಾಧು ತಮ್ಮ, ಆದರೂ ಸವೆಸುತ್ತೆ. ನಿಮ್ಮ ಕಾರು ಕ್ಲಿಯರ್ ಕೋಟ್ ಇರೋದಾದರೆ ಆ ಪದರ ತಲೆಗೂದಲಿಗಿಂತ ತೆಳು ಅನ್ನೋದು ನೆನಪಿರಲಿ. ಒಮ್ಮೆ, ಕೆಲಸ ಬಲ್ಲವರ ಕೈಯಲ್ಲಿ ಮಾಡಿಸಿ. ನೀವೇ ಶುರು ಮಾಡಬೇಡಿ, ಹಬ್ಬದ ಹಿಂದಿನ ದಿನವಂತೂ ಬೇಡವೇ ಬೇಡ.

ಕಾರ್ನೌಬಾ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರೋ ಮೇಣ. ಚಾಕೊಲೇಟಿನ ಮಿಠಾಯಿಗೆ, ಗುಳಿಗೆಗೆ ಮಿರುಗು ಬರೋಕೂ ಅದನ್ನೇ ಸವರುತ್ತಾರೆ. 'ನೂರಕ್ಕೆ ನೂರು ಕಾರ್ನೌಬಾ' ಅಂತ ಬರೆದಿದ್ದರೆ ನಕ್ಕುಬಿಡಿ. ಅಪ್ಪಟ ಕಾರ್ನೌಬಾ ಗಟ್ಟಿ ಹೆಂಟೆಯ ಹಾಗಿರುತ್ತೆ, ಎಣ್ಣೆ, ಸಾಲ್ವೆಂಟ್ ಬೆರೆಸದೆ ಹಚ್ಚೋಕೇ ಬರೋದಿಲ್ಲ. ಕಪ್ಪು ಬಣ್ಣದ ಮೇಲೆ ಅದರ ಕಳೆ ಚೆನ್ನಾಗಿರುತ್ತೆ, ಒಪ್ಪುತ್ತೇನೆ. ಆದರೆ ಥಾಣೆಯ ಮಳೆಗಾಲದಲ್ಲಿ ಬಯಲಲ್ಲಿ ನಿಂತ ಕಾರಿಗೆ ಕೆಲವು ವಾರ ಬಂದರೆ ಪುಣ್ಯ. ಸಿಂಥೆಟಿಕ್ ಜಾಸ್ತಿ ದಿನ ತಡೆಯುತ್ತೆ. ನಾನಾದರೆ ಜೂನ್‌ಗೆ ಮೊದಲು ಸಿಂಥೆಟಿಕ್, ನವರಾತ್ರಿಗೆ ಬೇಕಾದರೆ ಶೋಕಿಗೆ ಕಾರ್ನೌಬಾ. ಯಾವುದೇ ಆಗಲಿ, ಡಬ್ಬದ ಮೇಲೆ ಕ್ಲೀನರ್ ವ್ಯಾಕ್ಸ್, ಸ್ಕ್ರಾಚ್ ರಿಮೂವರ್ ಅಂತ ಇದ್ದರೆ ಸವೆಸೋ ಪುಡಿ ಇರುತ್ತೆ ಅಂತಲೇ ತಿಳ್ಕೊಳ್ಳಿ.

ಹಚ್ಚೋದರಲ್ಲಿ ಮಹಾ ವಿದ್ಯೆ ಏನಿಲ್ಲ. ನೆರಳಲ್ಲಿ, ಬಾನೆಟ್ಟು ತಣ್ಣಗಿರುವಾಗ, ಒಂದೊಂದೇ ಭಾಗ, ತೆಳ್ಳಗೆ. ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತೆ. ನೀರು ಮುತ್ತಿನ ಹಾಗೆ ನಿಲ್ಲದೆ ಹರಡಿಕೊಂಡಾಗ ಮತ್ತೆ ಹಚ್ಚಿ.

ಡಬ್ಬಕ್ಕಿಂತ ಜಾಸ್ತಿ ನನಗೆ ಚಿಂತೆ ನಿಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಗಾಡಿ ಒರೆಸೋ ಹುಡುಗನದು. ಒಂದು ಬಕೆಟ್ ನೀರು, ಇಪ್ಪತ್ತು ಕಾರು, ಒಂದೇ ಬಟ್ಟೆ. ಹತ್ತೊಂಬತ್ತು ಕಾರಿನ ಮರಳು ಇಪ್ಪತ್ತನೆಯದರ ಮೇಲೆ ಗೀರು ಎಳೆಯುತ್ತೆ. ಬಿಸಿಲಲ್ಲಿ ಕಪ್ಪು ಕಾರಿನ ಮೇಲೆ ಜೇಡರ ಬಲೆಯಂಥ ಗೆರೆ ಕಾಣ್ತಿದೆ ಅಲ್ವಾ? ಹೆಚ್ಚುಪಾಲು ಅದೇ. ಅವನ ಸಂಬಳ ಕೊಡ್ತಾ ಇರಿ, ಕಾರು ಮುಟ್ಟೋದು ಬೇಡ ಅನ್ನಿ. ಎರಡು ಬಕೆಟ್, ಕಾರ್ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ ತನ್ನಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದರೆ ಹಚ್ಚಿದ ವ್ಯಾಕ್ಸೂ ಹೋಗುತ್ತೆ. ಪಾರಿವಾಳದ ಹಿಕ್ಕೆ ಬಿದ್ದರೆ ಭಾನುವಾರದವರೆಗೆ ಕಾಯಬೇಡಿ, ಒದ್ದೆ ಬಟ್ಟೆ ಇಟ್ಟು ನೆನೆಸಿ ಆಗಲೇ ಎತ್ತಿ.

ಅಂದಹಾಗೆ, ಅಪ್ಪನ ಕಾಲದ ಅರ್ಧ ಡಬ್ಬ ಡಿಕ್ಕಿಯಲ್ಲಿ ಸಿಕ್ಕಿದೆ, ಸದ್ಯಕ್ಕೆ ಅದನ್ನೇ ಹಚ್ಚಲಾ ಅಂತಲೂ ಕೇಳಿದ್ದೀರಿ. ಡಬ್ಬದ ಮೇಲೆ ಏನು ಬರೆದಿದೆ ಅಂತ ಮೊದಲು ಇಲ್ಲಿ ಹಾಕಿ. ಅಲ್ಲಿವರೆಗೂ ಮುಚ್ಚಳ ತೆಗೀಬೇಡಿ.