‘ಓಪನ್ ದ ಲೈಟ್’ ಅಂದರೆ ತಪ್ಪೇನು?

ಈ ಸಲದ ನಾಲ್ಕು ಪ್ರಶ್ನೆಗಳೂ ಒಂದೇ ಇಂಗ್ಲಿಷ್ ಕ್ರಿಯಾಪದದ ಸುತ್ತ ಇವೆ: ಓಪನ್. ಕೇಳಿದವರೆಲ್ಲ ಕನ್ನಡದವರೇ. ಆದರೆ ತೊಡಕು ಅವರದ್ದಲ್ಲ, ಅವರ ಪಕ್ಕದಲ್ಲಿರುವ ಚೀನೀ ಭಾಷಿಕರದ್ದು.

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಪಕ್ಕದ ಮನೆಯ ಚೀನೀ ಹುಡುಗ ನಮ್ಮ ಮಗಳ ಜೊತೆ ಹೋಂವರ್ಕ್ ಮಾಡಲು ಬರುತ್ತಾನೆ. ‘ಆಂಟಿ, ಓಪನ್ ದ ಲೈಟ್’, ‘ಓಪನ್ ದ ಫ್ಯಾನ್’ ಅಂತಾನೆ. ಈಗ ನಮ್ಮ ಮಗಳಿಗೂ ಅದೇ ಬಾಯಿಗೆ ಬಂದಿದೆ. ತಿದ್ದಿದರೆ ಇಬ್ಬರೂ ‘ಯಾಕೆ?’ ಅಂತ ಕೇಳುತ್ತಾರೆ. ಏನು ಹೇಳಲಿ ಮೇಡಂ?

ಮೊದಲು ಆ ಹುಡುಗನ ಮನೆಮಾತನ್ನು ಸ್ವಲ್ಪ ನೋಡೋಣ. ಮ್ಯಾಂಡರಿನ್‌ನಲ್ಲಿ ‘ಖಾಯ್’ ಅಂತ ಒಂದು ಪದ ಇದೆ. (ಮಹಾಪ್ರಾಣ ಬಿಟ್ಟು ‘ಕಾಯ್’ ಅಂದುಬಿಟ್ಟರೆ ಬೇರೆಯೇ ಮಾತಾಗುತ್ತದೆ. ನಮ್ಮಲ್ಲಿ ಕ, ಖ ಬೇರೆ ಇರುವುದು ಇಲ್ಲಿ ಉಪಯೋಗಕ್ಕೆ ಬಂತು.) ಇದರ ಹಳೆಯ ಅಕ್ಷರವೇ ಒಂದು ಚಿತ್ರ: ಬಾಗಿಲು, ಅದಕ್ಕೆ ಅಡ್ಡ ಹಾಕಿದ ಅಗುಳಿ, ಅಗುಳಿ ತೆಗೆಯುವ ಎರಡು ಕೈ. 1950ರ ದಶಕದಲ್ಲಿ ಚೀನಾ ಸರಕಾರ ಅಕ್ಷರಗಳನ್ನು ಸರಳ ಮಾಡಿದಾಗ ಬಾಗಿಲು ಹೋಯಿತು, ಅಗುಳಿ ಮತ್ತು ಕೈ ಮಾತ್ರ ಉಳಿದವು. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಈಗಲೂ ಬಾಗಿಲಿನ ಸಮೇತವೇ ಬರೆಯುತ್ತಾರೆ.

ಅರ್ಥದಲ್ಲಿ ಮಾತ್ರ ಈ ಪದ ಬಾಗಿಲು ದಾಟಿ ಎಷ್ಟೋ ದೂರ ಹೋಗಿದೆ. ಬಾಗಿಲು ತೆಗೆಯುವುದೂ ಖಾಯ್. ಲೈಟ್ ಹಾಕುವುದೂ ಖಾಯ್. ಕಾರು ಓಡಿಸುವುದು, ಮೀಟಿಂಗ್ ನಡೆಸುವುದು, ಡಾಕ್ಟರು ಔಷಧಿ ಬರೆದುಕೊಡುವುದು, ಹೂವು ಅರಳುವುದು, ಗುಂಡು ಹಾರಿಸುವುದು, ಎಲ್ಲವೂ ಖಾಯ್. ‘ಖಾಯ್-ಶಿನ್’ ಅಂದರೆ ಮನಸ್ಸು ತೆರೆಯಿತು, ಅಂದರೆ ಖುಷಿಯಾಯಿತು. ಸ್ವಿಚ್‌ಗೆ ಅವರು ‘ಖಾಯ್-ಕ್ವಾನ್’ ಅನ್ನುತ್ತಾರೆ, ಅಕ್ಷರಶಃ ‘ತೆರೆ-ಮುಚ್ಚು’. ಹುಟ್ಟಿದಾಗಿನಿಂದ ಇದನ್ನೇ ಕೇಳಿದ ಮಗು ಲೈಟನ್ನು ಓಪನ್ ಮಾಡದೆ ಇನ್ನೇನು ಮಾಡೀತು?

ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಿ. ನಾವು ಲೈಟ್ ‘ಹಾಕುತ್ತೇವೆ’. ಆಗ ಲೈಟ್ ಉರಿಯುತ್ತದೆ. ಬಾಗಿಲನ್ನೂ ‘ಹಾಕುತ್ತೇವೆ’. ಆಗ ಬಾಗಿಲು ಮುಚ್ಚುತ್ತದೆ! ಅಂಗಿ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ದನಕ್ಕೆ ಹುಲ್ಲು ಹಾಕುತ್ತೇವೆ. ಅದಕ್ಕೇ ನಮ್ಮವರ ಇಂಗ್ಲಿಷ್‌ನಲ್ಲಿ ‘ಪುಟ್ ದ ಫ್ಯಾನ್’ ಇರುವುದು. ಆ ಹುಡುಗನ ‘ಓಪನ್ ದ ಫ್ಯಾನ್’ ನಮ್ಮ ‘ಪುಟ್ ದ ಫ್ಯಾನ್’ಗೆ ಅಣ್ಣನೋ ತಮ್ಮನೋ ಆಗಬೇಕು. ದೀಪ ತೆರೆಯುವವರು ಚೀನೀಯರು ಮಾತ್ರವೂ ಅಲ್ಲ. ಫಿಲಿಪೈನ್ಸ್‌ನವರು, ಗ್ರೀಕರು, ಕೆನಡಾದ ಕ್ವಿಬೆಕ್‌ನ ಫ್ರೆಂಚ್ ಮಾತಾಡುವವರೂ ತಮ್ಮ ಭಾಷೆಯಲ್ಲಿ ದೀಪ ತೆರೆಯುತ್ತಾರೆ.

ಹಾಗಾದರೆ ಇಂಗ್ಲಿಷ್ ಯಾಕೆ ಒಪ್ಪುವುದಿಲ್ಲ? ಮಕ್ಕಳಿಗೆ ನಾನು ಹೇಳಿಕೊಡುವ ಪರೀಕ್ಷೆ ಒಂದೇ: ‘ಓಪನ್ ಮಾಡಿದ ಮೇಲೆ ಅದಕ್ಕೊಂದು ಒಳಗು ಸಿಗುತ್ತದಾ?’ ಡಬ್ಬಿ, ಬಾಗಿಲು, ಪುಸ್ತಕ, ಕಣ್ಣು, ಬಾಯಿ, ಛತ್ರಿ ಇವುಗಳಲ್ಲಿ ಮುಚ್ಚಿದ್ದೇನೋ ಸರಿಯುತ್ತದೆ, ಒಳಗೆ ಕೈಯೋ ಕಣ್ಣೋ ಹೋಗುತ್ತದೆ. ಫೈಲ್, ಆ್ಯಪ್, ಬ್ಯಾಂಕ್ ಖಾತೆಗೂ ಒಂದು ಒಳಗು ಇದೆ ಅಂತ ಇಂಗ್ಲಿಷ್ ಅಂದುಕೊಳ್ಳುತ್ತದೆ. ಲೈಟಿಗೆ, ಫ್ಯಾನಿಗೆ ಅಂಥ ಒಳಗಿಲ್ಲ. ಅಲ್ಲಿ ಬೇಕಾದ್ದು ‘ಟರ್ನ್ ಆನ್’ ಅಥವಾ ‘ಸ್ವಿಚ್ ಆನ್’. ಟರ್ನ್ ಅಂದರೆ ತಿರುಗಿಸು. ಕರೆಂಟಿಗಿಂತ ಮುಂಚೆ ಗ್ಯಾಸ್ ದೀಪಗಳಿದ್ದವು, ಕಿವಿ ತಿರುಗಿಸಿದರೆ ಗ್ಯಾಸ್ ಬರುತ್ತಿತ್ತು. ಮೊದಮೊದಲ ಕರೆಂಟ್ ಸ್ವಿಚ್‌ಗಳಲ್ಲೂ ತಿರುಗಿಸುವಂಥವು ಇದ್ದವು. ಈಗ ಯಾರೂ ಏನನ್ನೂ ತಿರುಗಿಸುವುದಿಲ್ಲ, ಮಾತು ಮಾತ್ರ ಉಳಿದಿದೆ.

ಇನ್ನೊಂದು ಕಡೆ ಈ ವ್ಯತ್ಯಾಸ ದುಡ್ಡಿಗೇ ಬರುತ್ತದೆ. ‘ಓಪನ್ ದ ಫೋನ್’ ಅಂತ ರಿಪೇರಿ ಅಂಗಡಿಯಲ್ಲಿ ಹೇಳಿದರೆ ಇಂಗ್ಲಿಷ್ ಬಲ್ಲ ಹುಡುಗ ಹಿಂದಿನ ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್ ತೆಗೆಯುತ್ತಾನೆ. ನಿಮಗೆ ಬೇಕಿದ್ದದ್ದು ಬರೀ ಆನ್ ಮಾಡುವುದು! ಎಲೆಕ್ಟ್ರಿಷಿಯನ್‌ಗಳ ಮಾತಿನಲ್ಲಂತೂ ಪೂರ್ತಿ ಉಲ್ಟಾ. ‘ಓಪನ್ ಸರ್ಕ್ಯೂಟ್’ ಅಂದರೆ ತಂತಿ ಎಲ್ಲೋ ಕಡಿದಿದೆ, ಕರೆಂಟ್ ಹರಿಯುತ್ತಿಲ್ಲ ಅಂತ. ಅಲ್ಲಿ ಓಪನ್ ಆದರೆ ಲೈಟ್ ಆರುತ್ತದೆ.

ತಿದ್ದಬೇಕಾ ಅಂದರೆ, ಬರವಣಿಗೆಯಲ್ಲಿ ಖಂಡಿತ ತಿದ್ದಿ. ಅಲ್ಲಿ ಆರನೇ ತರಗತಿ ಮುಗಿಯುವಾಗ ಪಿಎಸ್‌ಎಲ್‌ಇ ಪರೀಕ್ಷೆ ಬರುತ್ತದೆ, ಇಂಗ್ಲಿಷ್‌ಗೂ ಅಂಕ ಇದೆ. ಸಿಂಗಪುರ ಸರಕಾರವೇ 2000ದಲ್ಲಿ ಒಳ್ಳೆಯ ಇಂಗ್ಲಿಷ್ ಮಾತಾಡಿ ಅಂತ ಒಂದು ಆಂದೋಲನ ಶುರು ಮಾಡಿತ್ತು. ಆದರೆ ಇಬ್ಬರು ಮಕ್ಕಳು ಆಡುವಾಗ ‘ಓಪನ್ ದ ಲೈಟ್’ ಅಂದುಕೊಂಡರೆ ನೀವು ಅಡುಗೆಮನೆಯಿಂದ ಓಡಿ ಬರಬೇಕಿಲ್ಲ. ನಿಮ್ಮ ಮಗಳಿಗೆ ಹೀಗೊಂದು, ಹಾಗೊಂದು ಅಂತ ಎರಡೂ ಗೊತ್ತಿದ್ದರೆ ಸಾಕು. ಎಲ್ಲಿ ಯಾವುದು ಅನ್ನುವುದನ್ನು ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಚೀನಾದ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತೇನೆ. ‘ದ ಶಾಪ್ ಈಸ್ ಓಪನ್ಡ್’, ‘ದ ಬ್ಯಾಂಕ್ ಈಸ್ ಕ್ಲೋಸ್’ ಅಂತ ಬರೆಯುತ್ತಾರೆ. ಎಷ್ಟು ಸಲ ತಿದ್ದಿದರೂ ವಾಪಸ್ ಅಲ್ಲಿಗೇ. ಸುಲಭದ ದಾರಿ ಇದೆಯಾ?

ಇದರಲ್ಲಿ ತಪ್ಪು ಅರ್ಧ ಇಂಗ್ಲಿಷಿನದೇ. ಅಂಗಡಿ ತೆರೆದಿದ್ದರೆ ‘ಓಪನ್’, ಮುಚ್ಚಿದ್ದರೆ ‘ಕ್ಲೋಸ್ಡ್’. ಒಂದಕ್ಕೆ ಬಾಲ ಇದೆ, ಒಂದಕ್ಕಿಲ್ಲ. ಕಾರಣ ಹಳೆಯದು. ‘ಓಪನ್’ ಇಂಗ್ಲಿಷಿನ ಸ್ವಂತ ಪದ. ಅದು ಮೊದಲು ಗುಣವಾಚಕ, ಆಮೇಲೆ ಅದರಿಂದ ಕ್ರಿಯಾಪದ ಹುಟ್ಟಿತು. ಹಾಗಾಗಿ ಸ್ಥಿತಿ ಹೇಳಲು ಅದಕ್ಕೆ ಬೇರೆ ರೂಪ ಬೇಡ. ‘ಕ್ಲೋಸ್’ ಫ್ರೆಂಚ್ ಕಡೆಯಿಂದ ಬಂದ ನೆಂಟ. ಬಾಲವಿಲ್ಲದೆ ಗುಣವಾಚಕ ಮಾಡಿದರೆ ಈಗ ಅದರ ಅರ್ಥ ‘ಹತ್ತಿರ’. ನಿಮ್ಮ ವಿದ್ಯಾರ್ಥಿ ಬ್ಯಾಂಕ್ ಮುಚ್ಚಿದೆ ಅನ್ನಲು ಹೋಗಿ ಬ್ಯಾಂಕ್ ಇಲ್ಲೇ ಹತ್ತಿರ ಇದೆ ಅಂದಂತಾಯಿತು.

ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ಹಿಡಿದುಕೊಂಡು ‘ಅವರಿಗೆ ಈ ಭೇದ ಗೊತ್ತೇ ಇಲ್ಲ’ ಅನ್ನಬೇಡಿ. ಗೊತ್ತಿದೆ. ಖಾಯ್ ಹಿಂದೆ ‘ಚ’ ಅಂತ ಒಂದು ಪುಟ್ಟ ಸದ್ದು ಸೇರಿಸಿದರೆ ‘ತೆರೆದಿದೆ’, ತೆರೆದೇ ಇರುವ ಸ್ಥಿತಿ. ‘ಲ’ ಸೇರಿಸಿದರೆ ‘ತೆರೆಯಿತು’, ಮುಚ್ಚಿದ್ದದ್ದು ಈಗ ಬದಲಾಯಿತು. ನಾನು ಇದನ್ನೇ ಹಿಡಿಕೆ ಮಾಡಿಕೊಳ್ಳುತ್ತೇನೆ. ‘ನಿಮ್ಮ ಮನಸ್ಸಿನಲ್ಲಿ ಖಾಯ್-ಚ ಬಂತಾ? ಈಸ್ ಓಪನ್ ಬರೆಯಿರಿ. ಖಾಯ್-ಲ ಬಂತಾ? ಓಪನ್ಡ್ ಬರೆಯಿರಿ.’ ಎಲ್ಲ ವಾಕ್ಯಕ್ಕೂ ಇದು ಒಗ್ಗುವುದಿಲ್ಲ, ಆದರೆ ಬಾಗಿಲು, ಕಿಟಕಿ, ಅಂಗಡಿಯ ಮಟ್ಟಿಗೆ ಚೆನ್ನಾಗಿ ನಡೆಯುತ್ತದೆ. ‘ಈಸ್ ಓಪನ್ಡ್’ ಅನ್ನುವುದನ್ನು ಒಂದು ತಿಂಗಳು ಸುಮ್ನೆ ನಿಷೇಧ ಮಾಡಿಬಿಡಿ. ‘ಹೊಸ ಸೇತುವೆಯನ್ನು ಮಂತ್ರಿಗಳು ಉದ್ಘಾಟಿಸಿದರು’ ಅನ್ನುವಂಥ ಕಡೆ ‘ವಾಸ್ ಓಪನ್ಡ್’ ಬೇಕಾಗುತ್ತದೆ, ಅದನ್ನು ಆಮೇಲೆ ಕಲಿಸಿದರಾಯಿತು.

ಅಂದಹಾಗೆ ‘ಅಂಗಡಿ ತೆಗೆದಿದೆ’ ಅನ್ನುವ ನಾವೂ ‘ಶಾಪ್ ಈಸ್ ಓಪನ್ಡ್’ ಅನ್ನುತ್ತೇವೆ, ಅಲ್ವಾ? ಕಲಿಸುವವರು ತಮ್ಮ ಕಿವಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ನಾನೂ ಈ ತಪ್ಪು ಮಾಡಿ ಒಬ್ಬ ವಿದ್ಯಾರ್ಥಿಯ ಕೈಲಿ ತಿದ್ದಿಸಿಕೊಂಡಿದ್ದೇನೆ. ಅವಳಿಗೆ ಆವತ್ತು ಎಷ್ಟು ಖಾಯ್-ಶಿನ್ ಆಯಿತೋ!

ಇನ್ನೊಂದು ಮಾತು. ನಿಮ್ಮ ವಿದ್ಯಾರ್ಥಿಗಳ ನೋಟ್‌ಬುಕ್‌ನಲ್ಲಿ ಓಪನ್ ಎದುರಿಗೆ ‘ತಾ-ಖಾಯ್’ ಅಂತ ಬರೆದಿರುತ್ತದೆ. ಡಿಕ್ಷನರಿಯಲ್ಲೂ ಅದೇ. ತಪ್ಪಲ್ಲ, ಆದರೆ ಜಾರುವ ಜಾಗ. ಪೆಟ್ಟಿಗೆಗೂ ತಾ-ಖಾಯ್ ನಡೆಯುತ್ತದೆ, ಟಿವಿಗೂ ನಡೆಯುತ್ತದೆ. ‘ಟೀಚರ್, ಪ್ಲೀಸ್ ಓಪನ್ ಯುವರ್ ಕ್ಯಾಮೆರಾ’ ಅಂತ ಕ್ಲಾಸಿನಲ್ಲಿ ದಿನಾ ಕೇಳುವುದು ಇದಕ್ಕೇ. ಪದದ ಎದುರು ಪದ ಬರೆಸಬೇಡಿ. ‘ಓಪನ್ ದ ಬಾಕ್ಸ್’, ‘ಟರ್ನ್ ಆನ್ ದ ಕ್ಯಾಮೆರಾ’ ಅಂತ ಜೊತೆಗಿರುವ ವಸ್ತುವಿನ ಸಮೇತ ಬರೆಸಿ. ತಿರುಗಿಸಿ ನೋಡಿದರೂ ಇದೇ ಗತಿ. ಇಂಗ್ಲಿಷಿನ ಒಂದೇ ಓಪನ್‌ಗೆ ಚೀನೀಯಲ್ಲಿ ಕಣ್ಣಿಗೆ ಒಂದು ಕ್ರಿಯಾಪದ, ಬಾಯಿಗೆ ಒಂದು, ಛತ್ರಿಗೆ ಒಂದು, ಲಕೋಟೆಗೆ ಒಂದು. ಕನ್ನಡದಲ್ಲೂ ಹಾಗೇ. ಕಣ್ಣು ಬಿಡುತ್ತೇವೆ, ಛತ್ರಿ ಬಿಚ್ಚುತ್ತೇವೆ, ಲಕೋಟೆ ಒಡೆಯುತ್ತೇವೆ, ಬಾಗಿಲು ತೆಗೆಯುತ್ತೇವೆ. ಛತ್ರಿ ಒಡೆದು ಲಕೋಟೆ ಬಿಟ್ಟರೆ ಕೆಲಸ ಕೆಟ್ಟಿತು.

ಪ್ರಶ್ನೆ: ನಮ್ಮ ಕಂಪನಿಯ ಒಂದು ತಂಡ ಶೆನ್‌ಜೆನ್‌ನಲ್ಲಿದೆ. ಫೋನ್ ಮಾಡಿದರೆ ‘ಸಾರಿ, ಐ ಆ್ಯಮ್ ಓಪನಿಂಗ್ ಎ ಮೀಟಿಂಗ್’ ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಮಾಡಿದರೂ ಅದೇ ಉತ್ತರ. ಎಷ್ಟು ಹೊತ್ತು ಓಪನ್ ಮಾಡುತ್ತಾರೆ ಸರ್ ಇವರು?

ಸರ್ ಅಲ್ಲ, ಮೇಡಂ. ಪರವಾಗಿಲ್ಲ.

ಅವರು ಮೀಟಿಂಗ್‌ನಲ್ಲಿದ್ದಾರೆ, ಅಷ್ಟೇ. ‘ಖಾಯ್-ಹ್ವೇ’ ಅಂದರೆ ಸಭೆ ಶುರು ಮಾಡುವುದು ಮಾತ್ರ ಅಲ್ಲ, ಸಭೆಯಲ್ಲಿ ಕೂತಿರುವುದೂ ಹೌದು. ಈ ತಪ್ಪು ‘ಓಪನ್ ದ ಲೈಟ್’ಗಿಂತ ಕೆಟ್ಟದ್ದು, ಯಾಕೆಂದರೆ ಇದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಇಂಗ್ಲಿಷಿನಲ್ಲಿ ‘ಓಪನ್ ದ ಮೀಟಿಂಗ್’ ಇದೆ, ಅಧ್ಯಕ್ಷರು ಸಭೆಗೆ ಚಾಲನೆ ಕೊಡುವುದಕ್ಕೆ. ಹಾಗಾಗಿ ವ್ಯಾಕರಣ ತಿದ್ದುವ ಸಾಫ್ಟ್‌ವೇರ್ ಕೂಡ ಸುಮ್ಮನಿರುತ್ತದೆ, ಕೇಳಿದವರು ಮಾತ್ರ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ‘ಐ ಆ್ಯಮ್ ಇನ್ ಎ ಮೀಟಿಂಗ್’ ಅಂತ ಹೇಳಿಕೊಡಿ.

‘ಐ ವಿಲ್ ಓಪನ್ ದ ಕಾರ್’ ಅಂದರೆ ಬೀಗ ತೆಗೆಯುತ್ತೇನೆ ಅಂತಲ್ಲ, ನಾನೇ ಓಡಿಸುತ್ತೇನೆ ಅಂತ. ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಹಾಗಂತ ಖಾಯ್ ಬಂದಲ್ಲೆಲ್ಲ ಓಪನ್ ತಪ್ಪು ಅಂತ ಅವರನ್ನು ಹೆದರಿಸಲೂ ಬೇಡಿ. ಬ್ಯಾಂಕ್ ಖಾತೆಗೆ, ಹೊಸ ಅಂಗಡಿಗೆ, ಅರಳುವ ಹೂವಿಗೆ ಎರಡು ಭಾಷೆಯಲ್ಲೂ ಅದೇ ಪದ ನಡೆಯುತ್ತದೆ. ಸೈನ್ಯ ಗುಂಡಿನ ದಾಳಿ ಶುರು ಮಾಡಿದರೆ ಅವರದ್ದು ‘ಖಾಯ್-ಹ್ವೊ’, ಇಂಗ್ಲಿಷ್‌ನದ್ದು ‘ಓಪನ್ ಫೈರ್’. ಪದಕ್ಕೆ ಪದ ಒಂದೇ.

ಪ್ರಶ್ನೆ: ಚೀನಾ ಪ್ರವಾಸದಲ್ಲಿ ಒಂದು ರೈಲ್ವೆ ಸ್ಟೇಷನ್‌ನಲ್ಲಿ ‘ಓಪನ್ ವಾಟರ್’ ಅಂತ ಬೋರ್ಡ್ ನೋಡಿದೆವು. ಕೆರೆಯೋ ಈಜುಕೊಳವೋ ಅಂದುಕೊಂಡು ಹೋದರೆ ಒಂದು ನಲ್ಲಿ ಮಾತ್ರ ಇತ್ತು. ಏನದು?

ಬಿಸಿನೀರು. ನೀರು ಕುದಿ ಬಂದರೆ ಅವರ ಮಾತಿನಲ್ಲಿ ನೀರು ‘ಖಾಯ್’ ಆಯಿತು. ಕುದಿಸಿದ ನೀರು ‘ಖಾಯ್-ಶ್ವೇ’. ಅದನ್ನು ಪದಕ್ಕೆ ಪದ ಇಟ್ಟು ಯಾರೋ ಬೋರ್ಡ್ ಬರೆಸಿದ್ದಾರೆ. ಇಂಥ ಬೋರ್ಡ್‌ಗಳನ್ನು ತಿದ್ದಲು 2017ರ ಡಿಸೆಂಬರ್ 1ರಿಂದ ಅಲ್ಲಿ ರಾಷ್ಟ್ರೀಯ ಮಾನದಂಡವೇ ಜಾರಿಗೆ ಬಂದಿದೆ, ಹಾಗಾಗಿ ಮುಂದೆ ಕಾಣುವುದು ಕಡಿಮೆಯಾಗಬಹುದು. ನನಗಂತೂ ಸ್ವಲ್ಪ ಬೇಜಾರು. ನಮ್ಮ ಮೈಸೂರು ಕಡೆ ಅನ್ನಕ್ಕಿಟ್ಟ ನೀರು ಮರಳುತ್ತದೆ. ಅದನ್ನು ಯಾರಾದರೂ ಇಂಗ್ಲಿಷಿಗೆ ಇಟ್ಟು ‘ನೀರು ವಾಪಸ್ ಬಂತು’ ಅಂತ ಬೋರ್ಡ್ ಹಾಕಿದರೆ ಹೇಗಿರುತ್ತದೆ, ಯೋಚಿಸಿ.

ಮುಂದಿನ ಸಲ ಹೋದಾಗ ಫ್ಲಾಸ್ಕ್ ಒಯ್ಯಿರಿ, ಆ ನಲ್ಲಿಯಿಂದಲೇ ಕಾಫಿ ಪುಡಿಗೂ ಕಪ್ ನೂಡಲ್ಸ್‌ಗೂ ನೀರು ಹಿಡಿಯಬಹುದು. ಕೈ ಜೋಪಾನ, ನಿಜಕ್ಕೂ ಕುದಿಯುವಷ್ಟು ಬಿಸಿ ಇರುತ್ತದೆ.