ದಿನಾ ನೀರು ಬದಲಿಸಿದರೆ ಹಸಿರು ಹೋಗಲ್ಲ

ಕಿಟಕಿ ಪಕ್ಕದ ಎರಡಡಿ ಮೀನಿನ ಟ್ಯಾಂಕ್, ದಿನಕ್ಕೆ 11 ಗಂಟೆ ಲೈಟ್, ದಿನಾ ಅರ್ಧ ನೀರು ಬದಲಿಸಿದರೂ ನೀರು ಮತ್ತೆ ಹಸಿರಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇದು ಗಾಜಿಗೆ ಅಂಟುವ ಪಾಚಿ ಅಲ್ಲ, ನೀರಲ್ಲೇ ತೇಲುವ ಒಂದೇ ಕೋಶದ ಪಾಚಿ. ಫಿಲ್ಟರ್ ಸ್ಪಾಂಜಿನ ತೂತುಗಳಿಗಿಂತ ಎಷ್ಟೋ ಸಣ್ಣದು, ಸಲೀಸಾಗಿ ದಾಟಿಹೋಗುತ್ತದೆ. ಅರ್ಧ ನೀರು ತೆಗೆದರೆ ಅರ್ಧ ಪಾಚಿ ಉಳಿಯಿತು ಅಲ್ವಾ, ಅದು ಬೇಗ ದುಪ್ಪಟ್ಟಾಗುತ್ತದೆ. ಸುಮ್ನೆ ಬಕೆಟ್ ಹೊರುವ ಕೆಲಸ.

ಬ್ಲ್ಯಾಕೌಟ್ ಮಾಡಿ. ಅರ್ಧ ನೀರು ಬದಲಿಸಿ, ಲೈಟ್ ಆರಿಸಿ, ದಪ್ಪ ಬೆಡ್‌ಶೀಟ್ ಸುತ್ತಿ ಮೂರ್ನಾಲ್ಕು ದಿನ ಬಿಡಿ, ನಡುವೆ ಇಣುಕಬೇಡಿ. ಆರೋಗ್ಯವಾಗಿರುವ, ಬೆಳೆದ ಮೀನುಗಳಿಗೆ ಅಷ್ಟು ದಿನ ಆಹಾರ ಇಲ್ಲದಿದ್ದರೂ ನಡೆಯುತ್ತದೆ. ಏರ್ ಪಂಪ್ ಮಾತ್ರ ಹಗಲೂ ರಾತ್ರಿ ಓಡಲಿ, ಯಾಕೆಂದರೆ ಕತ್ತಲಲ್ಲಿ ಗಿಡ, ಪಾಚಿ, ಮೀನು ಎಲ್ಲವೂ ಆಮ್ಲಜನಕ ಎಳೆಯುತ್ತವೆ. ಗಿಡಗಳಿಗೆ ಅಂತ ಟ್ಯಾಂಕಿಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದರೆ ಅದನ್ನು ನಿಲ್ಲಿಸಿ. ಬಟ್ಟೆ ತೆಗೆದ ದಿನವೇ ಮತ್ತೆ ಅರ್ಧ ನೀರು ಬದಲಿಸಿ, ಸತ್ತ ಪಾಚಿ ಕೊಳೆತರೆ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ವ್ಯಾಲಿಸ್ನೇರಿಯಾ ಎಂಬ ನೀರಿನ ಗಿಡದ ಒಂದೆರಡು ಎಲೆ ಕರಗಬಹುದು, ಬುಡ ಗಟ್ಟಿಯಿದ್ದರೆ ಚಿಗುರುತ್ತದೆ.

ಆಮೇಲೆ ಟೈಮರ್ ಹಾಕಿ ಲೈಟ್ 6–7 ಗಂಟೆಗೆ ಇಳಿಸಿ, ಕಿಟಕಿ ಕಡೆಯ ಗಾಜಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಗಿಡ ಕಿತ್ತು ಬೇರೆ ಕಡೆ ನೆಟ್ಟ ಮೇಲೆ ಇದು ಶುರುವಾಯ್ತು ಅಂದಿರಲ್ಲ, ಸಾಯಿಲ್ (ಟ್ಯಾಂಕಿನ ತಳದ ಗೊಬ್ಬರದ ಮಣ್ಣು) ಕದಡಿ, ಪಾಚಿಗೆ ಆಹಾರವಾಗುವ ಅಮೋನಿಯಾ ಹೊರಬಂದಿರುವ ಸಾಧ್ಯತೆ ಜಾಸ್ತಿ, ಟೆಸ್ಟ್ ಕಿಟ್‌ನಲ್ಲಿ ನೋಡಿ. ಹಾರ್ನ್‌ವರ್ಟ್ ಎಂಬ ನೀರಿನ ಗಿಡ ಒಂದು ಹಿಡಿ ತೇಲಬಿಡಿ, ಅದು ಬೇಗ ಬೆಳೆದು ಅಮೋನಿಯಾ ಹೀರುತ್ತದೆ. ದುಡ್ಡು ಖರ್ಚಾದರೂ ಪರವಾಗಿಲ್ಲ ಅಂದರೆ ಯುವಿ ಕ್ಲಾರಿಫೈಯರ್ (ನೀರನ್ನು ಅತಿನೇರಳೆ ಬೆಳಕಿನ ಮುಂದೆ ಹಾಯಿಸಿ ಪಾಚಿ ಕೊಲ್ಲುವ ಸಾಧನ) ತಗೊಳ್ಳಿ, ನನ್ನ ಪ್ರಕಾರ ಅದೇ ಗ್ಯಾರಂಟಿ ದಾರಿ. ಅಂಗಡಿಯವರು ಕೊಡುವ ಪಾಚಿ ಔಷಧಿ ಮಾತ್ರ ಬೇಡ, ಕೆಲವದರಲ್ಲಿ ತಾಮ್ರ ಇರುತ್ತದೆ, ನಿಮ್ಮ ಚೆರ್ರಿ ಸೀಗಡಿಗಳು ಅದನ್ನು ತಡೆದುಕೊಳ್ಳುವುದಿಲ್ಲ.